ಹೊಸ ಡಿಸ್ಕ್ ಹಾಕಿಸಿದರೂ ನಿಲ್ಲದ ನಡುಕ

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಮರಳುತ್ತಿದ್ದೆವು. ಬ್ರೇಕ್ ಒತ್ತಿದಾಗಲೆಲ್ಲ ಸ್ಟೇರಿಂಗ್ ಗದಗದ ನಡುಗುತ್ತಿತ್ತು. "ತಮಾ, ಇದನ್ನು ರಿಪೇರಿ ಮಾಡಿಸಿದ್ದೆಯಲ್ಲ?" ಎಂದಳು ಅಮ್ಮ. ಮಾಡಿಸಿದ್ದು ಹೌದು. ಮುಂಚಕ್ರಗಳ ಎರಡೂ ಡಿಸ್ಕ್ (ಬ್ರೇಕ್ ಪ್ಯಾಡುಗಳು ಅದುಮಿ ಹಿಡಿಯುವ ಲೋಹದ ತಟ್ಟೆ) ಹೊಸದಾಗಿ ಹಾಕಿಸಿ ಐದು ಸಾವಿರ ಕಿಲೋಮೀಟರ್ ಆಗಿತ್ತಷ್ಟೇ. ಡಿಸ್ಕ್ ಬೆಂಡಾಗಿದೆ, ಮತ್ತೆ ಬದಲಿಸಬೇಕು ಎಂದರು ಗ್ಯಾರೇಜಿನವರು. ನನಗೆ ಒಪ್ಪಿಗೆಯಾಗಲಿಲ್ಲ, ನಾನೇ ಬಿಚ್ಚಿ ನೋಡಲು ಹೊರಟೆ.

ಮೊದಲು ಹೆದ್ದಾರಿಯಲ್ಲಿ ಪರೀಕ್ಷೆ. ಬ್ರೇಕ್ ಮುಟ್ಟದೆ ಎಂಬತ್ತರ ವೇಗದಲ್ಲಿ ಹೋದಾಗ ಅಲುಗಾಟವಿಲ್ಲ, ಅಂದರೆ ಚಕ್ರದ ಬ್ಯಾಲೆನ್ಸ್ ಸರಿಯಿದೆ. ಖಾಲಿ ರಸ್ತೆಯಲ್ಲಿ ನಿಧಾನವಾಗಿ ಸಾಗುತ್ತ, ಗುಂಡಿ ಒತ್ತಿಹಿಡಿದು ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆದೆ. ಆಗಲೂ ನಡುಕವಿಲ್ಲ. ಹ್ಯಾಂಡ್‌ಬ್ರೇಕ್ ಹಿಡಿಯುವ ಹಿಂದಿನ ಚಕ್ರಗಳ ಡ್ರಮ್‌ಗಳ ಮೇಲಿನ ಅನುಮಾನ ಹೋಯಿತು. ದೋಷ ಮುಂದೆಯೇ.

ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ (ಬರೀ ಜಾಕ್ ನಂಬಿ ಈ ಕೆಲಸಕ್ಕೆ ಇಳಿಯಲೇಬಾರದು) ಚಕ್ರ ತೆಗೆದೆ. ವಾಷರ್ ಕೊಟ್ಟು ಎಲ್ಲ ನಟ್‌ಗಳಿಂದ ಡಿಸ್ಕನ್ನು, ಚಕ್ರ ಕೂರುವ ನಡುಭಾಗವಾದ ಹಬ್‌ಗೆ ಬಿಗಿದು, ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ಡಯಲ್ ಗೇಜಿನ (ಸೂಕ್ಷ್ಮ ಓಲಾಟ ಅಳೆಯುವ ಮಾಪಕ) ಮೊನೆ ಇಟ್ಟು ಒಂದು ಸುತ್ತು ತಿರುಗಿಸಿದೆ. ಬಲಗಡೆ 0.02 ಮಿಲಿಮೀಟರ್ ಓಲಾಟ. ಎಡಗಡೆ 0.11! ಸಾಮಾನ್ಯವಾಗಿ 0.05 ದಾಟಬಾರದು.

ಎಡಗಡೆಯ ಡಿಸ್ಕ್ ಕಳಚಿದಾಗ ಕಾರಣ ಕಣ್ಣೆದುರಿಗೇ ಇತ್ತು. ಹಬ್‌ನ ಮುಖದ ಮೇಲೆ, ಒಂದು ಬೋಲ್ಟಿನ ಬುಡದಲ್ಲಿ, ಉಗುರಿನಷ್ಟಗಲದ ತುಕ್ಕಿನ ಹಕ್ಕಳೆ. ನಮ್ಮ ಮನೆಗೆ ಸಮುದ್ರದ ಉಪ್ಪುಗಾಳಿ ನೇರ ಬಡಿಯುತ್ತದೆ, ಮೇಲೆ ನಾಲ್ಕು ತಿಂಗಳ ಮಳೆ. ಆ ಹಕ್ಕಳೆಯ ಮೇಲೆಯೇ ಹೊಸ ಡಿಸ್ಕ್ ಕೂರಿಸಿದ್ದರು. ಡಿಸ್ಕ್ ಕೂದಲೆಳೆಯಷ್ಟು ವಾರೆಯಾಗಿ ಕುಳಿತಿತ್ತು. ಬ್ರೇಕ್ ಒತ್ತದಿದ್ದಾಗಲೂ ಪ್ರತಿ ಸುತ್ತಿಗೆ ಅದೇ ಜಾಗ ಪ್ಯಾಡಿಗೆ ತಾಗಿ ಸವೆಯುತ್ತ ಹೋಗುತ್ತದೆ. ಹಾಗಾಗಿಯೇ ಮೊದಲ ಕೆಲವು ತಿಂಗಳು ಏನೂ ತಿಳಿಯಲಿಲ್ಲ. ಮೈಕ್ರೋಮೀಟರಿನಲ್ಲಿ ಎಂಟು ಕಡೆ ಅಳೆದರೆ ದಪ್ಪದಲ್ಲಿ 0.03 ಮಿಲಿಮೀಟರ್ ವ್ಯತ್ಯಾಸ. ನೋಡಲು ಏನೇನೂ ಅಲ್ಲ, ಆದರೆ ಸ್ಟೇರಿಂಗ್ ನಡುಗಿಸಲು ಅಷ್ಟು ಧಾರಾಳ ಸಾಕು.

ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್‌ಗಳು ಸಲೀಸಾಗಿ ಜಾರುತ್ತಿದ್ದವು. ಹಳೆಯ ಗ್ರೀಸ್ ಒರೆಸಿ ಹೊಸದು ಹಚ್ಚಿದೆ. ಹಬ್ ಮುಖವನ್ನು ತಂತಿ ಬ್ರಷ್, ಎಮೆರಿ ಕಾಗದಗಳಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಿದೆ. ಬೋಲ್ಟುಗಳ ಬುಡ ಉಜ್ಜುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು, ಅಲ್ಲಿ ಅವಸರ ಮಾಡಿದರೆ ಉಳಿದದ್ದೆಲ್ಲ ವ್ಯರ್ಥ. ಸವೆದ ಡಿಸ್ಕನ್ನು ಮತ್ತೆ ಬಳಸುವಂತಿರಲಿಲ್ಲ. ಎರಡೂ ಬದಿಗೆ ಹೊಸ ಡಿಸ್ಕ್, ಪ್ಯಾಡ್ ತಂದು, ಡಿಸ್ಕಿನ ಎಣ್ಣೆ ತೊಳೆದು ಕೂರಿಸಿ ಅಳೆದೆ: ಎಡಗಡೆ 0.03. ನಟ್‌ಗಳನ್ನು ಎದುರುಬದುರಾಗಿ, ಕೈಪಿಡಿ ಹೇಳಿದಷ್ಟೇ ಬಿಗಿದೆ.

ಆರು ಸಾವಿರ ಕಿಲೋಮೀಟರ್ ಓಡಿಸಿ ಕಳೆದ ವಾರ ಮತ್ತೆ ದಪ್ಪ ಅಳೆದೆ. ವ್ಯತ್ಯಾಸ 0.01 ದಾಟಿಲ್ಲ.