ಸ್ಕ್ಯಾನ್ ರಿಪೋರ್ಟ್ ಆಮೇಲೆ ನೋಡೋಣ

ನನ್ನ ಕ್ಲಿನಿಕ್ಕಿಗೆ ಬರುವ ಹುಡುಗಿಯರು ಕೂರುವ ಮೊದಲೇ ಸ್ಕ್ಯಾನ್ ರಿಪೋರ್ಟ್ ಮೇಜಿನ ಮೇಲಿಡುತ್ತಾರೆ. ‘ಮೇಡಂ, ಪಿಸಿಓಡಿ ಅಂತೆ. ನೀರುಗುಳ್ಳೆ ಇದೆಯಂತೆ.’ ಪಿಸಿಓಡಿ ಅಂದರೂ ಪಿಸಿಓಎಸ್ ಅಂದರೂ ಒಂದೇ, ಮುಟ್ಟು ಏರುಪೇರಾಗಿ ಗಂಡು ಹಾರ್ಮೋನು ಹೆಚ್ಚುವ ತೊಂದರೆ. ನಾನು ರಿಪೋರ್ಟನ್ನು ಮಗುಚಿ ಪಕ್ಕಕ್ಕಿಡುತ್ತೇನೆ. ಈ ಅಭ್ಯಾಸ ಕಲಿಸಿದ್ದು ನನ್ನದೇ ಒಂದು ತಪ್ಪು.

ಹತ್ತು ವರ್ಷದ ಹಿಂದಿನ ಮಾತು. 23 ವರ್ಷದ ಸಣಕಲು ಹುಡುಗಿ, ತಾಯಿ ಜೊತೆ ಬಂದಿದ್ದಳು. ಮುಟ್ಟು ಸರಿಯಾಗಿ ಆಗುತ್ತಿರಲಿಲ್ಲ. ಮುಖದಲ್ಲಿ ಒಂದು ಕೂದಲೂ ಇಲ್ಲ. ಗಂಡು ಹಾರ್ಮೋನಾದ ಟೆಸ್ಟೋಸ್ಟಿರಾನ್ ನಾರ್ಮಲ್. ಸ್ಕ್ಯಾನಿನಲ್ಲೂ ಅಂಥದ್ದೇನಿಲ್ಲ. ‘ಟೆನ್ಷನ್ ಇರಬೇಕು’ ಅಂತ ಕಳಿಸಿಬಿಟ್ಟೆ. ವರ್ಷದ ಮೇಲೆ ಮತ್ತೆ ಬಂದಳು. ನಾಲ್ಕು ತಿಂಗಳು ಮುಟ್ಟಿಲ್ಲ, ಆಮೇಲೆ ಇಪ್ಪತ್ತು ದಿನ ರಕ್ತಸ್ರಾವ. ಮುಖ ಬಿಳುಚಿಕೊಂಡಿತ್ತು.

ಈ ಸಲ ಕೂತು ಕೇಳಿದೆ. ‘ಡಾಕ್ಟ್ರ ಹತ್ರ ಬರಬೇಕಲ್ಲ ಅಂತ ಹಿಂದಿನ ದಿನ ಥ್ರೆಡಿಂಗ್ ಮಾಡಿಸ್ಕೊಂಡಿದ್ದೆ ಮೇಡಂ’ ಅಂದಳು. ಗದ್ದಕ್ಕೆ ವಾರಕ್ಕೊಮ್ಮೆ ದಾರ ಹಾಕಿಸುತ್ತಿದ್ದಳಂತೆ. ಬೇರೆ ಕಡೆ ಕೊಟ್ಟ ಹಾರ್ಮೋನ್ ಮಾತ್ರೆಯನ್ನು ಮೊದಲ ಸಲ ಬಂದಾಗ ಮೂರು ತಿಂಗಳಿಂದ ನುಂಗುತ್ತಿದ್ದಳು. ಅದು ಟೆಸ್ಟೋಸ್ಟಿರಾನ್ ತಗ್ಗಿಸುತ್ತದೆ, ರಿಪೋರ್ಟ್ ನಾರ್ಮಲ್ ಬರದೆ ಇನ್ನೇನು? ‘ಮುಟ್ಟಿನ ಮಾತ್ರೆ’ಯನ್ನು ಯಾರೂ ಔಷಧಿ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಷ್ಟರಲ್ಲಿ ತಾಯಿ, ‘ಇವಳ ಕುತ್ತಿಗೆ ನೋಡಿ ಮೇಡಂ, ಕಡಲೆಹಿಟ್ಟು ಹಾಕಿ ಉಜ್ಜಿದರೂ ಕೊಳೆ ಹೋಗಲ್ಲ’ ಅಂದರು. ಜಡೆ ಎತ್ತಿ ನೋಡಿದೆ. ವೆಲ್ವೆಟ್ ಥರ ದಪ್ಪಗಾದ ಕಪ್ಪು ಚರ್ಮ. ಕೊಳೆ ಅಲ್ಲ ಅದು, ಮೈಯಲ್ಲಿ ಇನ್ಸುಲಿನ್ ಜಾಸ್ತಿಯಾದ ಗುರುತು.

ಪಿಸಿಓಎಸ್‌ನ ಒಳಗುಟ್ಟು ಬಹಳ ಮಟ್ಟಿಗೆ ಅಲ್ಲೇ ಇದೆ. ಇನ್ಸುಲಿನ್ ಹೆಚ್ಚಾದರೆ ಅಂಡಾಶಯ ಟೆಸ್ಟೋಸ್ಟಿರಾನನ್ನು ಜಾಸ್ತಿ ಮಾಡುತ್ತದೆ. ಅದನ್ನು ಕಟ್ಟಿಡುವ ಪ್ರೋಟೀನನ್ನು ಲಿವರ್ ಕಡಿಮೆ ಮಾಡುತ್ತದೆ. ಕಟ್ಟಿಲ್ಲದೆ ಓಡಾಡುವ ಹಾರ್ಮೋನು ಗದ್ದಕ್ಕೆ ಕೂದಲು, ಮುಖಕ್ಕೆ ಮೊಡವೆ ತರುತ್ತದೆ. ತೆಳ್ಳಗಿದ್ದವರಿಗೂ ಇದು ತಪ್ಪಿದ್ದಲ್ಲ. ಇನ್ನು ‘ನೀರುಗುಳ್ಳೆ’ ಅನ್ನೋದು ಗುಳ್ಳೆಯೇ ಅಲ್ಲ. ಅಂಡಾಶಯದೊಳಗೆ ಬಲಿಯದೆ ಪೀಚಾಗಿಯೇ ನಿಂತ, ಅಂಡ ಬೆಳೆಯುವ ಪುಟ್ಟ ಚೀಲಗಳು.

ಈ ರೋಗ ಗುರುತಿಸುವ 2003ರ ರಾಟರ್‌ಡ್ಯಾಮ್ ಸೂತ್ರದ ಪ್ರಕಾರ ಮುಟ್ಟಿನ ಏರುಪೇರು, ಗಂಡು ಹಾರ್ಮೋನಿನ ಲಕ್ಷಣ, ಸ್ಕ್ಯಾನ್ – ಮೂರರಲ್ಲಿ ಎರಡಿದ್ದರೆ ಸಾಕು. ಅವಳಿಗೆ ಮೊದಲಿನ ಎರಡೂ ಇದ್ದವು, ನಾನು ಕೇಳಿರಲಿಲ್ಲ ಅಷ್ಟೆ. ಥೈರಾಯ್ಡ್, ಪ್ರೊಲ್ಯಾಕ್ಟಿನ್, 17-ಹೈಡ್ರಾಕ್ಸಿ ಪ್ರೊಜೆಸ್ಟಿರಾನ್ ಹಾರ್ಮೋನುಗಳನ್ನು ನೋಡಿ ಬೇರೆ ಕಾರಣ ಇಲ್ಲ ಅಂತ ಖಚಿತ ಮಾಡಿಕೊಂಡೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಶುಗರ್ ನೋಡಿದೆ. ಅಂಡಾಶಯವನ್ನು ನಡೆಸುವ ಎಲ್ಎಚ್-ಎಫ್ಎಸ್ಎಚ್ ಹಾರ್ಮೋನುಗಳ ಲೆಕ್ಕ ಈಗ ನಾನು ಸುಮ್ನೆ ಬರೆಯುವುದಿಲ್ಲ. ರೋಗ ಗುರುತಿಸಲು ಅದು ಬೇಕಿಲ್ಲ.

ಈಗ ಕೇಳುವ ರೀತಿಯೇ ಬೇರೆ. ‘ಮುಟ್ಟು ಸರಿಯಾಗಿದೆಯಾ?’ ಅಂದರೆ ಎಲ್ಲರೂ ‘ಹ್ಞೂಂ’ ಅನ್ನುತ್ತಾರೆ. ‘ಗೌರಿ ಹಬ್ಬಕ್ಕೆ ಹೊರಗಿದ್ದೆಯಾ? ದಸರಾಕ್ಕೆ? ದೀಪಾವಳಿಗೆ?’ ಅಂದರೆ ನೆನಪು ಬಿಚ್ಚಿಕೊಳ್ಳುತ್ತದೆ. ಕ್ಯಾಲೆಂಡರ್ ಇಟ್ಟು ಎಣಿಸುತ್ತೇವೆ. 35 ದಿನ ದಾಟುತ್ತಲೇ ಇದ್ದರೆ ಗುರುತು ಹಾಕುತ್ತೇನೆ. ‘ಕೂದಲಿದೆಯಾ?’ ಅನ್ನುವುದಿಲ್ಲ. ‘ಪಾರ್ಲರಿಗೆ ಎಷ್ಟು ದಿನಕ್ಕೊಮ್ಮೆ ಹೋಗ್ತೀಯಮ್ಮಾ?’ ಅನ್ನುತ್ತೇನೆ.

ಹೋದ ತಿಂಗಳು ಅದೇ ಹುಡುಗಿ ತನ್ನ ಅಕ್ಕನ ಮಗಳನ್ನು ಕರೆತಂದಿದ್ದಳು. 14 ವರ್ಷ, ಮೈನೆರೆದು ಎರಡು ವರ್ಷ. ಕೈಯಲ್ಲಿ ಸ್ಕ್ಯಾನ್ ರಿಪೋರ್ಟ್. ಮೈನೆರೆದ ಎಂಟು ವರ್ಷದೊಳಗೆ ಸ್ಕ್ಯಾನ್ ನೋಡಿ ಪಿಸಿಓಎಸ್ ಅನ್ನಬಾರದು. ಆ ವಯಸ್ಸಿನ ಅಂಡಾಶಯ ಹಾಗೇ ಕಾಣುವುದು ಸಹಜ. ನಾನು ಕೈ ಚಾಚುವ ಮೊದಲೇ ಅವಳು ರಿಪೋರ್ಟನ್ನು ಮಗುಚಿಟ್ಟು, ಹುಡುಗಿಯ ಜಡೆ ಎತ್ತಿ ಕುತ್ತಿಗೆ ತೋರಿಸಿದಳು.