ಚಕ್ಕುಬಂದಿಯಲ್ಲಿ ಸಿಕ್ಕ ಟೆಂಟ್ ಸಿನಿಮಾ

ಹಾಸನದಲ್ಲಿ ಪತ್ರ ಬರೆಯುವ ಕೆಲಸ ನನ್ನದು. ಕ್ರಯಪತ್ರ, ವಿಭಾಗಪತ್ರ, ದಾನಪತ್ರ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾರ ಗದ್ದೆ ಅಂತ ದಿನಾ ಬರೆದು ಬರೆದು ಕೈ ಸವೆದಿದೆ. ಹಳೇ ಟಾಕೀಸುಗಳ ಜಾಗ ಹುಡುಕುವ ಹುಚ್ಚು ಹತ್ತಿದ್ದೂ ಅಲ್ಲಿಂದಲೇ.

ಒಂದು ದಿನ ಗಿರಾಕಿಯೊಬ್ಬರು ತಂದೆಯ ಕಾಲದ ಕ್ರಯಪತ್ರ ತಂದರು. 1970ರದ್ದು. ಛಾಪಾಕಾಗದ ಮಡಿಕೆ ಮಡಿಕೆಯಲ್ಲೂ ಹರಿದಿತ್ತು. ಚಕ್ಕುಬಂದಿ ಓದುತ್ತಾ ಬಂದೆ. ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ರಸ್ತೆ, ಪೂರ್ವಕ್ಕೆ ವಾಸದ ಮನೆ, ಪಶ್ಚಿಮಕ್ಕೆ ಟೆಂಟ್ ಸಿನಿಮಾ. ಅಲ್ಲೇ ನಿಂತುಬಿಟ್ಟೆ. ಯಾಕೆಂದರೆ ಆ ಹೋಬಳಿ ಊರು ನನ್ನ ಅಮ್ಮನ ತವರು. ರಜೆಗೆ ಹೋದಾಗಲೆಲ್ಲ ಮಾವ ಆ ಟೆಂಟಿನ ಕಥೆ ಹೇಳುತ್ತಿದ್ದರು. ಎಲ್ಲಿತ್ತು ಮಾವ ಅಂದರೆ, ‘ಅಲ್ಲೇ ಕಣೋ, ಸಂತೆ ಮೈದಾನದ ಪಕ್ಕ’ ಅನ್ನುತ್ತಿದ್ದರು. ಈ ಪತ್ರದ ಜಾಗ ನೋಡಿದರೆ ಸಂತೆ ಮೈದಾನದಿಂದ ಅರ್ಧ ಮೈಲಿ ಆಚೆ, ಕೆರೆ ಏರಿ ಕಡೆ.

ಮಾವ ಸುಳ್ಳು ಹೇಳುವವರಲ್ಲ. ಪತ್ರ ಬರೆದವನಿಗೂ ಸುಳ್ಳು ಬರೆಯುವ ಅಗತ್ಯ ಇರಲಿಲ್ಲ. ಹಾಗಾದರೆ ಏನು?

ಮೊದಲು ನಾನು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಟಾಕೀಸಿನ ಕಾಗದಪತ್ರ ಹುಡುಕಿಕೊಂಡು ಹೊರಟೆ. ಸಿನಿಮಾ ಮಂದಿರಕ್ಕೆ ಲೈಸೆನ್ಸ್ ಕೊಡುವ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟರದ್ದು, 1964ರ ಸಿನಿಮಾ ನಿಯಂತ್ರಣ ಕಾಯ್ದೆಯಲ್ಲೂ ಅದೇ ಇದೆ. ಹಾಗಾಗಿ ಫೈಲು ಎಲ್ಲೋ ಇರಬೇಕಲ್ವಾ ಅಂದುಕೊಂಡೆ. ಒಂದು ಕಚೇರಿಯ ರೆಕಾರ್ಡ್ ರೂಮಿಗೆ ನಾಲ್ಕು ಸಲ ಅಲೆದೆ. ನಾಲ್ಕನೇ ಸಲ ಅಲ್ಲಿಯವರು ಒಂದು ಕಟ್ಟು ತಂದು ಮೇಜಿನ ಮೇಲಿಟ್ಟರು. ಮಳೆಗೆ ನೆಂದು, ಒಣಗಿ, ಇಟ್ಟಿಗೆ ಹಾಗೆ ಗಟ್ಟಿಯಾಗಿತ್ತು. ಒಂದು ಹಾಳೆಯನ್ನೂ ಬಿಡಿಸಲು ಆಗಲಿಲ್ಲ.

ಆಮೇಲೆ ಹೊಳೆಯಿತು. ಟೆಂಟಿನವರ ಕಾಗದ ಯಾಕೆ ಬೇಕು, ಪಕ್ಕದ ಮನೆಯವರ ಕಾಗದ ಸಾಕಲ್ಲ. ಟಾಕೀಸು ಮುಚ್ಚಿದ ಮೇಲೆ ಅದರ ಕಾಗದವನ್ನು ಯಾರೂ ಕಾಪಾಡುವುದಿಲ್ಲ. ಆದರೆ ಮನೆಯ ಕ್ರಯಪತ್ರವನ್ನು ಜನ ಟ್ರಂಕಿನಲ್ಲಿ, ರೇಷ್ಮೆ ಸೀರೆ ಕೆಳಗೆ ಇಟ್ಟು ಕಾಪಾಡುತ್ತಾರೆ. ಕಂಪ್ಯೂಟರಿನಲ್ಲಿ ಇಸಿ, ಅಂದರೆ ಆಸ್ತಿಯ ಋಣಭಾರ ಪತ್ರ, ಸಿಗುವುದು 2004ರಿಂದ ಈಚೆಗಿನದು ಮಾತ್ರ. ಅದಕ್ಕಿಂತ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿನ ಹಳೇ ಪುಸ್ತಕ ತೆಗೆಸಬೇಕು, ಇಲ್ಲವೇ ಮನೆಮನೆಯ ಟ್ರಂಕು. ನಾನು ಟ್ರಂಕಿನ ದಾರಿ ಹಿಡಿದೆ. ಪತ್ರ ಬರೆಯುವವನು ಅಂದರೆ ಜನ ನಂಬುತ್ತಾರೆ, ಕಾಫಿಯನ್ನೂ ಕೊಡುತ್ತಾರೆ. ನೋಡಿದ ಪತ್ರದ ಫೋಟೊ ತೆಗೆಯುವುದಿಲ್ಲ, ಹೆಸರು ಬರೆದುಕೊಳ್ಳುವುದಿಲ್ಲ. ಇಸವಿ ಮತ್ತು ನಾಲ್ಕು ದಿಕ್ಕು, ಅಷ್ಟೇ.

ಇಲ್ಲಿ ನಮ್ಮ ಕಸುಬಿನ ಒಂದು ಕಳ್ಳತನ ಹೇಳಲೇಬೇಕು. ಹೊಸ ಪತ್ರ ಬರೆಯುವಾಗ ನಾವು ಜಾಗಕ್ಕೆ ಹೋಗಿ ನೋಡುವುದಿಲ್ಲ. ಹಳೇ ಪತ್ರದ ಚಕ್ಕುಬಂದಿಯನ್ನೇ ಇಳಿಸುತ್ತೇವೆ. ಅದೇ ಓಣಿಯ ಇನ್ನೊಂದು ಮನೆಯ 1994ರ ಪತ್ರದಲ್ಲೂ ‘ಪಶ್ಚಿಮಕ್ಕೆ ಟೆಂಟ್ ಸಿನಿಮಾ’ ಅಂತಲೇ ಇತ್ತು. ಅಷ್ಟು ಹೊತ್ತಿಗೆ ಅಲ್ಲಿ ಟೆಂಟೂ ಇಲ್ಲ, ಗೂಟವೂ ಇಲ್ಲ. ಹಾಗಾಗಿ ಟಾಕೀಸು ಯಾವಾಗ ಹೋಯಿತು ಅನ್ನುವುದಕ್ಕೆ ಚಕ್ಕುಬಂದಿಯನ್ನು ನಂಬಬೇಡಿ. ಯಾವಾಗ ಬಂತು ಅನ್ನುವುದಕ್ಕೆ ನಂಬಬಹುದು. ಯಾಕೆಂದರೆ ಮೊದಲ ಸಲ ಆ ಹೆಸರು ಬರೆಯಲು ಯಾರೋ ಒಬ್ಬ ಕಣ್ಣಾರೆ ನೋಡಿಯೇ ಇರುತ್ತಾನೆ. ಅದೇ ಮನೆಸಾಲಿನ 1968ರ ಪತ್ರವೊಂದು ಸಿಕ್ಕಿತು. ಅದರಲ್ಲಿ ಪಶ್ಚಿಮಕ್ಕೆ ‘ಖಾಲಿ ಜಾಗ’. ಅದೂ ಹಳೇ ಪತ್ರದಿಂದ ಇಳಿಸಿದ್ದಲ್ಲದಿದ್ದರೆ, ಅಲ್ಲಿಗೆ ಟೆಂಟು ಎದ್ದದ್ದು 1968 ಮತ್ತು 1970ರ ನಡುವೆ ಅಂತಾಯಿತು.

ಇದಕ್ಕೆ ಜೊತೆಯಾಗಿ ಸಿಕ್ಕಿದ್ದು ಒಂದು ಹ್ಯಾಂಡ್‌ಬಿಲ್. ಆ ಊರಿನ ದಿನಸಿ ಅಂಗಡಿಯ ಹಳೇ ಲೆಕ್ಕದ ಪುಸ್ತಕಕ್ಕೆ ಅದನ್ನು ಹೊರ ಹಾಳೆ ಮಾಡಿ ಅಂಟಿಸಿದ್ದರು. ಗುಲಾಬಿ ಕಾಗದ. ಸಿನಿಮಾ ಹೆಸರಿದ್ದ ಭಾಗವನ್ನು ಗೆದ್ದಲು ತಿಂದಿತ್ತು. ಉಳಿದಿದ್ದು ಇಷ್ಟು: ‘ಏಪ್ರಿಲ್ ತಾ. 23ನೇ ಶುಕ್ರವಾರದಿಂದ’, ‘ಸಂಪೂರ್ಣ ವರ್ಣದ ಕನ್ನಡ ಚಿತ್ರ’, ಕೆಳಗೆ ಪ್ರೆಸ್ಸಿನ ಸಾಲಿನಲ್ಲಿ ‘ಹಾಸನ, ಮೈಸೂರು ರಾಜ್ಯ’. ಇಸವಿ ಇಲ್ಲ. ಹ್ಯಾಂಡ್‌ಬಿಲ್ಲಿನಲ್ಲಿ ಇಸವಿ ಹಾಕುವ ರೂಢಿಯೇ ಇರಲಿಲ್ಲ ಅನ್ನಿ, ಮುಂದಿನ ವಾರಕ್ಕೆ ಯಾರಿಗೆ ಬೇಕಿತ್ತು ಅದು.

ಆದರೆ ತಾರೀಖು ಮತ್ತು ವಾರ ಎರಡೂ ಇದ್ದರೆ ಇಸವಿ ತೆಗೆಯಬಹುದು. ಮೊಬೈಲಿನಲ್ಲಿ ಹಳೇ ಕ್ಯಾಲೆಂಡರ್ ತಿರುಗಿಸಿದೆ. ಏಪ್ರಿಲ್ 23 ಶುಕ್ರವಾರ ಬಿದ್ದಿರುವುದು 1954, 1965, 1971, 1976, 1982ರಲ್ಲಿ. ಪೂರ್ತಿ ಬಣ್ಣದ ಮೊದಲ ಕನ್ನಡ ಸಿನಿಮಾ ‘ಅಮರಶಿಲ್ಪಿ ಜಕಣಾಚಾರಿ’, ಅದು ಬಂದಿದ್ದು 1964ರಲ್ಲಿ. ಅಂದಮೇಲೆ 1954 ಬಿಟ್ಟುಹೋಯಿತು. ಮೈಸೂರು ರಾಜ್ಯ ಕರ್ನಾಟಕ ಆಗಿದ್ದು 1973ರ ನವೆಂಬರ್ 1ಕ್ಕೆ. ಪ್ರೆಸ್ಸಿನವರು ಹಳೇ ಅಚ್ಚನ್ನೇ ನಾಲ್ಕಾರು ತಿಂಗಳು ಓಡಿಸಿರಬಹುದು, ಆದರೆ ಎರಡೂವರೆ ವರ್ಷ ಓಡಿಸುವುದಿಲ್ಲ. 1976, 1982 ಹೋದವು. ಉಳಿದಿದ್ದು 1965 ಮತ್ತು 1971. 1968ರಲ್ಲಿ ಅಲ್ಲಿ ಖಾಲಿ ಜಾಗ ಇತ್ತು. ಹಾಗಾಗಿ 1971 ಅಂತ ಬರೆದು, ಖುಷಿಯಲ್ಲಿ ಮಾವನಿಗೆ ಫೋನ್ ಮಾಡಿದೆ.

‘ಸಂತೆ ಮೈದಾನದಲ್ಲೇ ಕಣೋ ಇದ್ದಿದ್ದು. ನಾನು ನೆಲಕ್ಕೆ ಕೂತು ನೋಡಿದೀನಿ’ ಅಂದರು. ಫೋನ್ ಇಟ್ಟುಬಿಟ್ಟರು.

ಮಾವನ ಮಾತಿನಲ್ಲಿ ಒಂದು ಎಳೆ ಇತ್ತು, ಆಗ ನನಗೆ ಕಾಣಲಿಲ್ಲ. ಎಷ್ಟನೇ ಇಸವಿ ಅಂತ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ಯಾವ ಸಿನಿಮಾ, ಯಾರ ಜೊತೆ, ನೆಲವೋ ಬೆಂಚೋ ಕುರ್ಚಿಯೋ ಅಂತ ಕೇಳಬೇಕು. ಮುಂದಿನ ಸಲ ಊರಿಗೆ ಹೋದಾಗ ಹಾಗೇ ಕೇಳಿದೆ. ಮಾವ ಆಗ ಹೈಸ್ಕೂಲಿನಲ್ಲಿದ್ದರಂತೆ. ಅಂದರೆ 1965ಕ್ಕೂ ಮುಂಚೆ. ಆ ಟೆಂಟೇ ಬೇರೆ! ಟೂರಿಂಗ್ ಟಾಕೀಸಿಗೆ ಒಂದು ಜಾಗದಲ್ಲಿ ಇಷ್ಟೇ ಕಾಲ ಅಂತ ಲೈಸೆನ್ಸ್. ಅವಧಿ ಮುಗಿದರೆ ಗುಡಾರ ಕಿತ್ತು, ಗಾಡಿಗೆ ಹೇರಿ, ಬೇರೆ ಊರಿಗೆ ಹೊರಡುತ್ತಿದ್ದರು. ವರ್ಷ ಬಿಟ್ಟು ಅದೇ ಊರಿಗೆ ಬಂದರೂ ಹಳೇ ಜಾಗವೇ ಸಿಗಬೇಕೆಂದೇನಿಲ್ಲ. ಇಬ್ಬರು ಎರಡು ಜಾಗ ಹೇಳಿದರೆ ಒಬ್ಬರದು ತಪ್ಪು ಅಂದುಕೊಳ್ಳುವುದನ್ನು ಅವತ್ತೇ ಬಿಟ್ಟೆ. ಇನ್ನೊಂದು ವಿಷಯ. ಬೆಂಗಳೂರಿನಲ್ಲಿ ಬಿಡುಗಡೆಯಾದ ಸಿನಿಮಾ ಟೆಂಟಿಗೆ ಬರುವಷ್ಟರಲ್ಲಿ ವರ್ಷಗಳೇ ಕಳೆಯುತ್ತಿದ್ದವು. ಹಾಗಾಗಿ ಯಾವ ಸಿನಿಮಾ ನೋಡಿದರು ಅನ್ನುವುದರಿಂದ ಅದಕ್ಕಿಂತ ಹಿಂದೆ ಅಲ್ಲ ಅಂತ ಹೇಳಬಹುದು, ಅಷ್ಟೇ.

ಹಾಸನ ಪಟ್ಟಣದಲ್ಲಿ ಕೆಲಸ ಇಷ್ಟು ಕಷ್ಟವಿಲ್ಲ. ಸಹ್ಯಾದ್ರಿ, ಪಿಕ್ಚರ್ ಪ್ಯಾಲೇಸ್, ಎಸ್‌ಬಿಜಿ, ಪೃಥ್ವಿ ಅಂದರೆ ದಾರಿ ಹೇಳದ ಆಟೊದವರಿಲ್ಲ. ಅದಕ್ಕಿಂತ ಹಿಂದಿನವಕ್ಕೆ ನನ್ನ ಮೆಚ್ಚಿನ ದಾಖಲೆ ಹಳೇ ಲಗ್ನಪತ್ರಿಕೆ. ‘ಇಂಥ ಟಾಕೀಸಿನ ಎದುರು’, ‘ಟಾಕೀಸಿನ ಹಿಂಭಾಗ’ ಅಂತ ವಿಳಾಸ ಇರುತ್ತದೆ, ತಾರೀಖು ಇಸವಿ ಸಮೇತ ಇರುತ್ತದೆ. ಸುಳ್ಳು ಬರೆದರೆ ನೆಂಟರು ಊಟಕ್ಕೆ ತಲುಪುವುದಿಲ್ಲ!

ಕಟ್ಟಡ ಉಳಿದಿದ್ದರೆ ಅದನ್ನೇ ಓದಬಹುದು. ಒಂದು ಜಿಲ್ಲಾ ರಸ್ತೆಯ ಗೋದಾಮಿಗೆ ಆಲೂಗಡ್ಡೆ ಸೀಸನ್ನಿನಲ್ಲಿ ಹೋಗಿದ್ದೆ. ಮೂಟೆಗಳ ಹಸಿ ಮಣ್ಣಿನ ವಾಸನೆ. ಹಮಾಲಿಗಳು ಒಳಗೆ ಹೋಗುವಾಗ ಸರಸರ ಇಳಿಯುತ್ತಿದ್ದರು, ಹೊರಗೆ ಬರುವಾಗ ಏದುಸಿರು. ನೆಲ ಇಳಿಜಾರು. ಗೋದಾಮಿಗೆ ಯಾರಾದರೂ ಇಳಿಜಾರು ನೆಲ ಹಾಕಿಸುತ್ತಾರಾ? ತಿರುಗಿ ಹಿಂದಿನ ಗೋಡೆ ನೋಡಿದೆ. ಮೇಲೆ ಚೌಕದ ನಾಲ್ಕು ಕಿಂಡಿ, ಎರಡೆರಡು ಜೋಡಿ. ಪ್ರೊಜೆಕ್ಟರ್ ಎರಡು ಇರುತ್ತಿದ್ದವು. ಪ್ರತಿಯೊಂದಕ್ಕೂ ಬೆಳಕು ಬಿಡಲು ಒಂದು ಕಿಂಡಿ, ಆಪರೇಟರ್ ಇಣುಕಲು ಒಂದು. ಒಂದು ಕಿಂಡಿಯ ಮೇಲೆ ಕಬ್ಬಿಣದ ತಗಡು ಇನ್ನೂ ನೇತಾಡುತ್ತಿತ್ತು. ಬೆಂಕಿ ಬಿದ್ದರೆ ಆ ತಗಡು ಬಿಟ್ಟು ಕಿಂಡಿ ಮುಚ್ಚಬೇಕು. ಮೊದಲಿನ ನೈಟ್ರೇಟ್ ಫಿಲ್ಮು ಅಷ್ಟು ಬೇಗ ಹತ್ತಿಕೊಳ್ಳುತ್ತಿತ್ತು. ಸೂರಿನಲ್ಲಿ ತಗಡಿನ ಒಂದು ಕೊಳವೆಯೂ ಇತ್ತು, ಪ್ರೊಜೆಕ್ಟರಿನ ಬೆಳಕಿಗೆ ಉರಿಸುತ್ತಿದ್ದ ಕಾರ್ಬನ್ ಕಡ್ಡಿಯ ಹೊಗೆ ಹೋಗಲು. ಹಮಾಲಿಯೊಬ್ಬ ‘ಪಾರಿವಾಳದ ಗೂಡು ಸಾರ್’ ಅಂದ. ಆಗ ಹಾಗೆಯೇ ಆಗಿತ್ತು ಬಿಡಿ.

ಟೆಂಟಿಗೆ ಗೋಡೆ ಇಲ್ಲ, ಕಿಂಡಿ ಇಲ್ಲ. ಏನು ಉಳಿದಿರಲು ಸಾಧ್ಯ ಅಂತ ಹಳೇ ಆಪರೇಟರ್ ಒಬ್ಬರನ್ನು ಕೇಳಿದೆ. ‘ಎಂಜಿನ್ ಕಟ್ಟೆ ನೋಡಿ’ ಅಂದರು. ಕರೆಂಟು ಇಲ್ಲದ ಕಡೆ ಡೀಸೆಲ್ ಎಂಜಿನ್ ಇಡುತ್ತಿದ್ದರು. ಅದು ಅದುರಬಾರದು ಅಂತ ಸಿಮೆಂಟಿನ ಕಟ್ಟೆ ಕಟ್ಟಿ, ಬೋಲ್ಟ್ ಹೂತು, ಬಿಗಿಯುತ್ತಿದ್ದರು. ಗುಡಾರ ಕೀಳಬಹುದು, ಕಟ್ಟೆಯನ್ನು ಯಾರು ಹೊರುತ್ತಾರೆ?

1970ರ ಪತ್ರದ ಮನೆಯ ಪಶ್ಚಿಮದ ಗೋಡೆಯಿಂದ ಟೇಪು ಹಿಡಿದು ನಡೆದೆ. ಈಗ ಅಲ್ಲಿ ಮೂರು ಮನೆ. ಮೂರನೇ ಮನೆಯ ಹಿತ್ತಲಲ್ಲಿ, ನಲ್ಲಿ ಪಕ್ಕ, ಮಂಡಿಯೆತ್ತರದ ಸಿಮೆಂಟ್ ಕಟ್ಟೆ. ಮೇಲೆ ಸೋಪಿನ ನೊರೆ. ಮನೆಯ ಅಜ್ಜಿ ಬಟ್ಟೆ ಕುಕ್ಕುತ್ತಿದ್ದರು. ನೊರೆ ಒರೆಸಿ ನೋಡಿದೆ. ನಾಲ್ಕು ಮೂಲೆಯಲ್ಲಿ ನಾಲ್ಕು ಬೋಲ್ಟು, ತುಕ್ಕು ಹಿಡಿದು, ಕಟ್ಟೆಯ ಮಟ್ಟಕ್ಕೆ ಕತ್ತರಿಸಿದ್ದರು. ಒಂದು ಕಡೆ ಕಟ್ಟೆಯ ಅಂಚಿಗೆ ಎಣ್ಣೆ ಕುಡಿದ ಕಪ್ಪು ಕಲೆ. ಇಷ್ಟು ವರ್ಷ ಸೋಪು ತಿಕ್ಕಿದರೂ ಹೋಗಿಲ್ಲ.

‘ಇದು ಯಾವಾಗಿಂದ ಇದೆ ಅಜ್ಜಿ?’

‘ನಾವು ಮನೆ ಕಟ್ಟೋಕ್ ಮುಂಚೆನೇ ಇತ್ತು ಕಣಪ್ಪ. ಕೀಳ್ಸಾಕೆ ಹೋದ್ರು, ಹಾರೆನೇ ಬಗ್ಗೋಯ್ತು. ಇರ್ಲಿ ಬುಡಿ ಅಂದೆ. ಬಟ್ಟೆ ಒಗೆಯಾಕೆ ಚೆನ್ನಾಗೈತೆ.’

ಬೋಲ್ಟಿನಿಂದ ಬೋಲ್ಟಿಗೆ ಅಳೆದೆ. ಗೋಡೆಯಿಂದ ಕಟ್ಟೆಗೆ ಎಷ್ಟು, ಕಟ್ಟೆಯಿಂದ ರಸ್ತೆಗೆ ಎಷ್ಟು ಅಂತ ಬರೆದುಕೊಂಡೆ. ಇನ್ನೊಂದು ಸಲ ಅಳೆಯೋಣ ಅಂತ ಟೇಪು ಬಿಚ್ಚುತ್ತಿದ್ದೆ.

‘ಅಳ್ದಾಯ್ತಾ? ನಲ್ಲಿ ನೀರು ನಿಂತೋಯ್ತದೆ. ವಸಿ ಅಂಗೆ ಸರ್ಕೊಳಪ್ಪ.’