ಮುಚ್ಚಿದ ಸ್ಟೇಶನ್ನಿನ ಚರಿತ್ರೆ ಬರೀಬೇಕೇನು? ಗೂಡ್ಸ್ ಶೆಡ್ಡಿಗೆ ನಡೀರಿ

ಊರಿನ ಹಳೇ ಸ್ಟೇಶನ್ ಬಗ್ಗೆ ಬರೀತೀನಿ ಅಂದವರು ಮೊದಲು ಟಿಕೆಟ್ ಕಿಟಕಿ ಮುಂದ ನಿಂತು ಫೋಟೋ ಹೊಡೀತಾರ. ನೀವು ಗೂಡ್ಸ್ ಶೆಡ್ಡಿಗೆ ಹೋಗ್ರಿ. ಗದಗ ಸೀಮಿಗೆ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿ ಬಂದದ್ದು 1884ರ ಸುಮಾರಿಗೆ. 1876–78ರ ಬರದಾಗ ಕಾಳು ತರಿಸೋದು ಎಷ್ಟು ಕಷ್ಟ ಅನ್ನೋದನ್ನ ಸರಕಾರ ಕಂಡಿತ್ತು. ಜೊತಿಗೆ ನಮ್ಮ ಎರಿ ಹೊಲದ ಹತ್ತಿ ಬಂದರಿಗೆ ಹೋಗಬೇಕಿತ್ತು. ಮಂದಿ ಹತ್ತೋದು ಆಮ್ಯಾಲಿನ ಮಾತು. ಅದಕ್ಕ ಶೆಡ್ಡಿನ ಕಟ್ಟಿ ಉದ್ದ, ಎತ್ತರ, ಚಕ್ಕಡಿ ನಿಲ್ಲೋ ಜಾಗ ಅಳದು ಬರಕೋರಿ.

ಪಕ್ಕದಾಗ ಗಾಡಿ ಓಡಾಡ್ತಿದ್ರ ಹತ್ತಿರದ ಸ್ಟೇಶನ್ ಮಾಸ್ತರ್‌ರನ್ನ ಕೇಳಿಯೇ ಒಳಗ ಹೋಗ್ರಿ. ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅತಿಕ್ರಮ ಪ್ರವೇಶ ಅಪರಾಧ.

ಬೆಂಚು, ಗಂಟಿ, ಕಂಬದ ಮ್ಯಾಲಿನ ಅಕ್ಷರ ಬಿಡಬ್ಯಾಡ್ರಿ. ‘ಎಸ್‌.ಎಂ.ಆರ್‌.’ (ಸದರ್ನ್ ಮರಾಠಾ ರೈಲ್ವೆ) ಅಂತಿದ್ರ 1908ಕ್ಕಿಂತ ಹಿಂದಿನದು. ಆ ವರ್ಷ ಮದ್ರಾಸ್ ಕಂಪನಿ ಕೂಡಿ ‘ಎಂ. ಆಂಡ್ ಎಸ್‌.ಎಂ.’ (ಮದ್ರಾಸ್ ಆಂಡ್ ಸದರ್ನ್ ಮರಾಠಾ) ಆತು, 1951ರಾಗ ದಕ್ಷಿಣ ರೈಲ್ವೆ. ಬೇಲಿಗೆ ಹುಗಿದ ಹಳಿ ತುಂಡಿನ ಬದಿಗೂ ಕಾರ್ಖಾನೆ ಹೆಸರು, ಇಸವಿ ಉಬ್ಬಿರ್ತಾವ. ಸೀಮೆಸುಣ್ಣ ತಿಕ್ಕಿ, ಮುಂಜಾನೆಯ ಓರೆ ಬಿಸಿಲಾಗ ಫೋಟೋ ತಗೀರಿ. ಆದ್ರ ಆ ಇಸವಿಯನ್ನ ಸ್ಟೇಶನ್ನಿನ ಹುಟ್ಟು ಅಂತ ಬರದೀರಿ ಜೋಕೆ! ಹಳಿ ಒಂದು ಲೈನಿನಿಂದ ಕಿತ್ತು ಇನ್ನೊಂದಕ್ಕ ಹಾಕೋದು ರೈಲ್ವೆಯ ಹಳೇ ಚಾಳಿ.

ಹಿರಿಯರ ಹತ್ರ ‘ಆಗ ಹ್ಯಾಂಗಿತ್ತು’ ಅಂತ ಕೇಳಿದ್ರ ‘ಭಾಳ ಚಲೋ ಇತ್ತು’ ಅಂತಾರ, ಮುಗೀತು. ‘ನಿಮ್ಮ ಹತ್ತಿ ಯಾವ ಗಾಡಿಗೆ ಹೋಗ್ತಿತ್ತು? ಹಮಾಲಿ ಎಷ್ಟು? ಕೈಮರ (ಸಿಗ್ನಲ್) ಯಾರು ಇಳಿಸ್ತಿದ್ರು?’ ಅಂತ ಕೇಳ್ರಿ, ಸಂಜೀತನಕ ಬಿಡಂಗಿಲ್ಲ. ಇಸವಿ ಕೇಳಬ್ಯಾಡ್ರಿ, ಎಪ್ಪತ್ತೆರಡರ ಬರದ ಮೊದಲೋ ಆಮ್ಯಾಲೋ, ಎಮರ್ಜೆನ್ಸಿ ಮುಗಿದಿತ್ತೋ ಇಲ್ಲೋ ಅಂತ ಕೇಳ್ರಿ. ಗ್ಯಾಂಗ್‌ಮನ್ (ಹಳಿ ರಿಪೇರಿ ಮಾಡೋನು) ಮನಿಯವರು ಸಿಕ್ರ ಮಾಸ್ತರರಿಗಿಂತ ಅವರೇ ಮೇಲು. ಮಾಸ್ತರರಿಗೆ ಬದಲಿ ಆಗ್ತಿತ್ತು, ಇವರು ಅದೇ ಲೈನಿನ ಮ್ಯಾಲೇ ಬದುಕಿದವರು.

ಕಾಗದಪತ್ರದೊಳಗ ಮುಂಬೈ ಪ್ರಾಂತದ ಧಾರವಾಡ ಗ್ಯಾಸೆಟಿಯರ್ (ಜಿಲ್ಲೆಯ ಸರಕಾರಿ ಮಾಹಿತಿ ಪುಸ್ತಕ) 1884ರಾಗ ಅಚ್ಚಾದದ್ದು, ಹಳಿ ಬರೋ ಹೊತ್ತಿಗೇ. ರೈಲಿನ ಸಲುವಾಗಿ ಅಲ್ಲ, ಅದಕ್ಕೂ ಮೊದಲಿನ ಪ್ಯಾಟಿ, ಗಾಡಿ ರಸ್ತೆ, ಹತ್ತಿ ವ್ಯಾಪಾರದ ಸಲುವಾಗಿ ಓದ್ರಿ. ಆಮ್ಯಾಲೆ ಭೂಮಾಪನ ಕಚೇರಿಯ ಗ್ರಾಮ ನಕಾಶೆ. ರೈಲ್ವೆ ಜಾಗದ ಪಟ್ಟಿ ಎಲ್ಲಿ ಅಗಲ ಆಗಿರ್ತದೋ ಬಹುತೇಕ ಅದೇ ಯಾರ್ಡು. ಕಟ್ಟಡ ನೆಲಸಮ ಆಗಿದ್ರೂ ಸೈಡಿಂಗ್ (ಡಬ್ಬಿ ನಿಲ್ಲಿಸೋ ಬದಿಯ ಹಳಿ) ಎಲ್ಲಿತ್ತಂತ ಆ ಗೆರಿ ಹಿಡದು ಹುಡುಕಬಹುದು.